ಎಲ್ಲಿ, ಯಾಕೆ, ಯಾವಾಗ

ತಮ್ಮ ಕೆಲಸ ಎಲ್ಲಿ ಕೆಟ್ಟಿದೆ ಎಂಬುದನ್ನು ತಾವೇ ಸೀಮೆಸುಣ್ಣದಲ್ಲಿ ಬರೆದು ಬೀದಿಗೆ ಮುಖ ಮಾಡಿ ಇಡುತ್ತಿದ್ದವರನ್ನು ನಾನು ಇದುವರೆಗೆ ಒಬ್ಬರನ್ನೇ ನೋಡಿದ್ದೇನೆ. ಕಚೇರಿಗಳು ಹಾಗೆ ಮಾಡುವುದಿಲ್ಲ. ಆಸ್ಪತ್ರೆಗಳು ಮಾಡುವುದಿಲ್ಲ. ನಾನು ಓದಿದ ಕಾಲೇಜಂತೂ ಖಂಡಿತ ಮಾಡುತ್ತಿರಲಿಲ್ಲ. ಅವರು ನಮ್ಮೂರಿನ ಕೇಬಲ್‌ನವರು. ಊರಿಗೆಲ್ಲ ಕೇಬಲಣ್ಣ, ನನಗೆ ಮಾಮ. ಹೋದ ತಿಂಗಳು ತೀರಿಕೊಂಡರು.

ಹೆಬ್ಬಗೋಡಿ ದಾಟಿ ಆನೇಕಲ್ ಕಡೆಗೆ ಹೋಗುವಾಗ ಮುಖ್ಯರಸ್ತೆಯಿಂದ ಒಂದು ಮೈಲಿ ಒಳಗೆ ನಮ್ಮೂರು. ಒಂದು ಕಡೆ ಸೊಪ್ಪಿನ ಮಡಿಗಳು, ಇನ್ನೊಂದು ಕಡೆ ಬಾಡಿಗೆಗೆಂದೇ ಕಟ್ಟಿದ ಸಾಲು ಸಾಲು ಶೀಟ್ ಮನೆಗಳು. ನಡುವೆ ನಾವು, ಎರಡೂ ಅಲ್ಲದವರು. ಮಾಮನ ಮನೆಯ ದನದ ಕೊಟ್ಟಿಗೆಗೆ ಅಂಟಿಕೊಂಡು ಒಂದು ಚಿಕ್ಕ ಕೋಣೆಯಿತ್ತು. ಒಳಗೆ ಸದಾ ಗುಂಯ್‌ಗುಡುವ ಪೆಟ್ಟಿಗೆಗಳು, ಮೇಲೆ ಮೂರು ಡಿಶ್ಶು, ಹೊರಗೋಡೆಯ ಮೇಲೆ ಒಂದು ಕರಿಹಲಗೆ. ಶಾಲೆಯವರು ಹೊಸದು ತಂದಾಗ ಹೊರಗೆ ಹಾಕಿದ್ದ ಹಲಗೆಯದು, ಒಂದು ಮೂಲೆ ಮುರಿದಿತ್ತು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದ್ದರು. ಎಲ್ಲಿ. ಯಾಕೆ. ಯಾವಾಗ.

ಎಲ್ಲಿ: ಡೈರಿ ಮುಂದೆ. ಯಾಕೆ: ತೆಂಗಿನ ಗರಿ ಬಿತ್ತು. ಯಾವಾಗ: ನಾಲ್ಕು ಗಂಟೆ.

ಇಷ್ಟೇ. ಟೀವಿ ನಿಂತರೆ ಜನ ಬೈಯುತ್ತಾ ಮನೆಯಿಂದ ಹೊರಟು, ಹಲಗೆ ಓದಿ, ಬೈಯದೆ ವಾಪಸ್ ಬರುತ್ತಿದ್ದರು. ಒಂದು ಸಲ ಕ್ರಿಕೆಟ್ ಮ್ಯಾಚಿನ ನಡುವೆ ಇಡೀ ಊರಿನ ಟೀವಿ ನಿಂತಿತು. ಹತ್ತಿಪ್ಪತ್ತು ಜನ ಜಗಳಕ್ಕೆ ಸಿದ್ಧರಾಗಿಯೇ ಹೋದರು. ಎರಡನೇ ಕಾಲಂನಲ್ಲಿ ಬರೆದಿತ್ತು: ‘ನನ್ನ ತಪ್ಪು. ಬೇರೆ ವೈರ್ ಕೀಳಬೇಕಿತ್ತು, ಇದನ್ನು ಕಿತ್ತೆ.’ ಹೀಗೆ ಬರೆದಿಟ್ಟವರ ಜೊತೆ ಜಗಳ ಆಡುವುದು ಹೇಗೆ? ನಮ್ಮ ದೊಡ್ಡಪ್ಪ ಆವತ್ತು ಮನೆಗೆ ಬಂದು, “ಬೈಯಾಕೂ ಬಿಡಲ್ಲ ಕಣೇ ಈ ನನ್ಮಗ” ಎಂದು ದೊಡ್ಡಮ್ಮನ ಮೇಲೆ ರೇಗಿದ್ದರು.

ಹಲಗೆಯ ಹಿಂದೆ ಏನೋ ದೊಡ್ಡ ಆದರ್ಶ ಇರಬೇಕೆಂದು ನಾನು ಬಹಳ ದಿನ ಅನುಮಾನಿಸಿದ್ದೆ. ಆದರ್ಶದ ವಾಸನೆ ಬಂದರೆ ನನಗೆ ಅನುಮಾನವೂ ಬರುತ್ತದೆ. ಕೇಳಿಯೇ ಬಿಟ್ಟೆ. ಅವರು ಉತ್ತರ ಕೊಡುವ ಮೊದಲೇ ಒಳಗಿಂದ ಅತ್ತೆ, ಅಂದರೆ ಅವರ ಹೆಂಡತಿ, ಕೂಗಿದರು: “ನಾನ್ ಯೇಳಿದ್ದು ಕಣವ್ವಾ! ಬಂದ್ಬಂದೋರ್ಗೆಲ್ಲಾ ಉತ್ರ ಯೇಳಾಕೆ ನಾನೇನ್ ರೇಡಿಯೋನಾ? ಆಲು ಕರಿಯಾದಾ, ಇವ್ರಿಗ್ ಉತ್ರ ಯೇಳಾದಾ?”

ಮಾಮ ನಕ್ಕರು. “ಅಷ್ಟೇ ಕಣವ್ವಾ. ಅವ್ಳ ಕಾಟಕ್ಕೆ.”

ನನ್ನ ಸಿದ್ಧಾಂತ ಅಲ್ಲಿಗೆ ಬಿತ್ತು.

*

ಆಳು ತೆಳ್ಳಗೆ, ಕುತ್ತಿಗೆ ಉದ್ದ. ಕಾಕಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಸೊಂಟದಲ್ಲಿ ಇಕ್ಕಳ. ಹಳೆಯ ಮೊಪೆಡ್ಡಿಗೆ ಬಿದಿರಿನ ಏಣಿ ಅಡ್ಡ ಕಟ್ಟಿಕೊಂಡು ಬಂದರೆ ಎದುರಿನವರು ಚರಂಡಿಗೆ ಇಳಿಯಬೇಕಿತ್ತು. ನಡೆಯುವಾಗ ಕಣ್ಣು ಮೇಲೆ, ತಂತಿಯ ಮೇಲೆ. ಹಾಗಾಗಿ ಊರಿನಲ್ಲಿ ಅತಿ ಹೆಚ್ಚು ಸಲ ಸಗಣಿ ತುಳಿದವರು ಅವರೇ ಎಂಬ ಖ್ಯಾತಿಯೂ ಇತ್ತು. ಮನೆಗಳನ್ನು ಅವರು ಬಾಗಿಲಿನಿಂದಲ್ಲ, ಮಾಳಿಗೆಯಿಂದ ಗುರುತಿಸುತ್ತಿದ್ದರು. ಯಾರ ಮನೆಯ ಮೇಲೆ ಹಪ್ಪಳ ಒಣಗಿದೆ, ಯಾರ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ, ಯಾರು ಇನ್ನೊಂದು ಮಹಡಿ ಏರಿಸಲು ಕಂಬಿ ತರಿಸಿದ್ದಾರೆ, ಎಲ್ಲವೂ ಗೊತ್ತು. ಆದರೆ ಕೆಳಗಿನಿಂದ “ಅಕ್ಕಾ, ಮೇಲತ್ತೀನಿ” ಎಂದು ಕೂಗಿ, ಉತ್ತರ ಬರುವವರೆಗೆ ಒಂದು ಮೆಟ್ಟಿಲೂ ಹತ್ತುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ. ಊರಿನಲ್ಲಿ ಯಾರ ಮನೆ ಮುಂದೆ ಶಾಮಿಯಾನ ಹಾಕಿದರೂ, ಮದುವೆಯೋ ತಿಥಿಯೋ, ಆ ಹೊತ್ತಿಗೆ ಇವರು ಒಂದು ಕವೆಗೋಲು ಹಿಡಿದು ಹಾಜರ್. ಕಂಬ ಎತ್ತುವಾಗ ತಂತಿಗೆ ತಾಗದ ಹಾಗೆ ಕವೆಯಿಂದ ತಂತಿಯನ್ನು ಮೇಲಕ್ಕೆತ್ತಿ ಹಿಡಿದು ನಿಲ್ಲುವರು. ಯಾರೂ ಕರೆದಿರುವುದಿಲ್ಲ. ಕೆಲಸ ಮುಗಿದ ಮೇಲೆ ಊಟಕ್ಕೆ ನಿಲ್ಲೆಂದರೆ, “ಬಿಚ್ಚುವಾಗ ಬತ್ತೀನಿ” ಎಂದು ಹೊರಡುವರು. ಬಿಚ್ಚುವಾಗಲೂ ಬರುತ್ತಿದ್ದರು.

ಮೂರನೇ ಕಾಲಂನಲ್ಲಿ ಹೆಚ್ಚಾಗಿ ಇರುತ್ತಿದ್ದ ಮಾತು ‘ಗೊತ್ತಿಲ್ಲ’. ಇದು ನನ್ನನ್ನು ಕೆಣಕುತ್ತಿತ್ತು. ನಾನು ಆಗ ಪೇಟೆಯ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಅಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಯಾವ ಪ್ರಶ್ನೆಗೂ ಗೊತ್ತಿಲ್ಲ ಎನ್ನಬಾರದು ಎಂಬುದು. ಗೊತ್ತಿಲ್ಲದಿದ್ದರೆ ಪ್ರಶ್ನೆಯನ್ನೇ ಪ್ರಶ್ನಿಸು, ಇಲ್ಲವೇ ಎದುರಾಳಿಗೆ ತಿರುಗಿಸು. ಇವರೋ ಅದನ್ನು ದಪ್ಪಕ್ಷರದಲ್ಲಿ ಬರೆದು ಬೀದಿಗೆ ಇಡುತ್ತಾರೆ.

“ಒಂದು ಅಂದಾಜಾದರೂ ಬರೀಬಾರದಾ ಮಾಮ?” ಎಂದೆ.

“ಮೊದ್ಲು ಬರೀತಿದ್ದೆ. ಒಂದಿನ ಐದು ಗಂಟೆ ಅಂತ ಬರ್ದೆ. ಕೆರೆ ಕೆಳ್ಗಿನ ಅಜ್ಜಿ ಅದ್ನ ನಂಬ್ಕೊಂಡು, ಮೇಯ್ತಿದ್ದ ಆಡ್ನ ಅಲ್ಲೇ ಬಿಟ್ಟು, ಐದ್ಕೆ ಟೀವಿ ಮುಂದೆ ಬಂದು ಕುಂತ್ಕೊಂಡ್ಳು. ಲೈನು ಬರ್ಲಿಲ್ಲ. ಆಡು ಯಾರ್ದೋ ದಂಟಿನ್ ಮಡೀಗೆ ನುಗ್ಗಿ ಅಷ್ಟೂ ತಿಂದಾಕ್ತು. ಎಲ್ಡು ಮನೇಗೆ ಜಗ್ಳ, ತಿಂಗ್ಳುಗಟ್ಲೆ ಮಾತಿಲ್ಲ.” ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಟೈಮು ಬರ್ದ್ರೆ ಜನ ಅದ್ರ ಮ್ಯಾಲೆ ಜೀವ್ನ ಮಾಡ್ತಾರೆ ಕಣವ್ವಾ” ಎಂದರು.

ಆದರೂ ನನಗೆ ಅನುಮಾನ ಹೋಗಲಿಲ್ಲ. ತೆಂಗಿನ ಗರಿ ಎಂದು ಬರೆದ ಮಾತ್ರಕ್ಕೆ ಗರಿ ಬಿದ್ದಿದೆ ಎಂದು ನಂಬುವುದು ಹೇಗೆ? ಕಾರಣ ಬರೆಯುವ ಕೈಯೇ ಕಾರಣ ಹುಟ್ಟಿಸಲೂಬಹುದು. ಹೀಗಾಗಿ ಒಂದು ವಾರ ಹಲಗೆ ಓದಿಕೊಂಡು ಆಯಾ ಜಾಗಕ್ಕೆ ಹೋಗಿ ನೋಡಿ ಬಂದೆ. ಗರಿ ಬಿದ್ದಿತ್ತು. ಲಾರಿ ಸಿಕ್ಕಿಕೊಂಡಿತ್ತು. ಕೋತಿ ಜೋತಾಡಿತ್ತು, ಅದಕ್ಕೆ ಇಬ್ಬರು ಸಾಕ್ಷಿ ಸಿಕ್ಕರು. ಕಾರಣಗಳೆಲ್ಲ ನಿಜವೇ ಆಗಿದ್ದರಿಂದ ನನಗೆ ಅವುಗಳಲ್ಲಿ ಆಸಕ್ತಿ ಹೋಯಿತು. ಅಲ್ಲಿಂದ ಮುಂದೆ ನೋಟ್‌ಬುಕ್ಕಿನಲ್ಲಿ ಬರೀ ತಾರೀಖು ಬರೆದುಕೊಳ್ಳತೊಡಗಿದೆ. ಲೈನ್ ಕಟ್ಟಾದ ದಿನ ಒಂದು ಗುರುತು. ಯಾಕೆ ಬರೆದುಕೊಳ್ಳುತ್ತಿದ್ದೆ ಎಂದರೆ, ಅದೊಂದು ಚಟ. ಯಾವತ್ತೋ ಕೆಲಸಕ್ಕೆ ಬರುತ್ತದೆ ಎಂಬ ಚಟ.

ಕೆಲಸಕ್ಕೆ ಬಂತು.

*

ಆ ವರ್ಷ ಮುಖ್ಯರಸ್ತೆಯವರೆಗೆ ಫೈಬರ್ ಬಂದಿತ್ತು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಇಂಟರ್ನೆಟ್ಟೂ ಟೀವಿಯೂ ಒಟ್ಟಿಗೆ ಬರುತ್ತದೆ ಎಂದು ಊರೆಲ್ಲ ಮಾತು. ಅಲ್ಲಿಂದ ನಮ್ಮೂರಿನ ಒಳಗೆ ತರಲು ಇಬ್ಬರು ತಯಾರಿದ್ದರು. ಒಂದು, ದೊಡ್ಡ ಕಂಪನಿ, ಹೆಸರು ಬೇಡ. ಇನ್ನೊಂದು, ಮಾಮ. ಹೆಬ್ಬಗೋಡಿಯ ಒಬ್ಬ ಸಣ್ಣ ಇಂಟರ್ನೆಟ್‌ನವರ ಜೊತೆ ಮಾತಾಡಿಕೊಂಡು, ಅವರ ಎಳೆಯನ್ನು ತಮ್ಮ ಕೋಣೆಯವರೆಗೆ ತಂದು, ಅಲ್ಲಿಂದ ಮನೆಮನೆಗೆ ಕೊಡುವುದು ಅವರ ಯೋಜನೆ.

ತೊಡಕಿದ್ದದ್ದು ರಸ್ತೆಯಲ್ಲಿ. ಊರಿನ ರಸ್ತೆಗೆ ಆಗಷ್ಟೇ ಕಾಂಕ್ರೀಟ್ ಬಿದ್ದಿತ್ತು. ಅಷ್ಟು ವರ್ಷ ಕೆಸರು ತುಳಿದ ಜನ ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಅಂಚಿನಲ್ಲಿ ಒಂದೇ ಒಂದು ಸಲ ಅಗೆಯಲು ಬಿಡುತ್ತೇವೆ, ಒಬ್ಬರಿಗೆ ಮಾತ್ರ, ಯಾರಿಗೆ ಎಂದು ಊರೇ ಹೇಳಲಿ ಎಂದಿತು ಪಂಚಾಯ್ತಿ. ಅಗೆತ ಸಿಕ್ಕರೆ ಮಾಮನ ಲೈನು ಫೈಬರ್ ಆಗಿ ಉಳಿಯುತ್ತದೆ. ಸಿಗದಿದ್ದರೆ ಅವರ ತಂತಿ ಮರದಿಂದ ಗೋಡೆಗೆ, ಗೋಡೆಯಿಂದ ಮರಕ್ಕೆ ಜೋತಾಡಿಕೊಂಡೇ ಇರಬೇಕು. ಟೀವಿಯಷ್ಟೇ ಸಾಕು ಎನ್ನುವ ಮನೆಗಳು ಎಷ್ಟು ದಿನ ಉಳಿದಾವು? ಅವರ ಇಪ್ಪತ್ತು ವರ್ಷದ ಕೆಲಸ ಒಂದು ಅಡಿ ಅಗಲದ ಕಾಲುವೆಯ ಮೇಲೆ ನಿಂತಿತ್ತು. ಇದು ಅವರಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ನನಗೂ.

ಭಾನುವಾರ ಬೆಳಿಗ್ಗೆ, ಹಾಲು ಹಾಕಿ ಮುಗಿದ ಮೇಲೆ, ಡೈರಿಯ ಜಗಲಿಯಲ್ಲಿ ಸಭೆ. ಪಂಚಾಯ್ತಿ ಮೆಂಬರ್ ನಮ್ಮ ದೊಡ್ಡಪ್ಪನೇ. ಅವರು ಕ್ಯಾನಿನ ಮೇಲೆ ಕೂತು, “ನಮಗೆಲ್ಲಾ ಈ ಫೈಬರ್ರು ಗೀಬರ್ರು ತಿಳಿಯಾದಿಲ್ಲ. ನಮ್ಮುಡ್ಗಿ ಕಾಲೇಜಲ್ಲಿ ಮಾತಾಡಿ ಕಪ್ಪು ತಂದವ್ಳೆ. ಅವ್ಳೇ ಇಬ್ರಿಗೂ ಪ್ರಶ್ನೆ ಕೇಳ್ಲಿ. ಆಮ್ಯಾಕೆ ಕೈ ಎತ್ತಾನ” ಎಂದರು.

ಕಂಪನಿಯಿಂದ ಬಂದವನು ಕೊರಳಲ್ಲಿ ಟ್ಯಾಗು ಹಾಕಿಕೊಂಡ, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಬಣ್ಣಬಣ್ಣದ ಹಾಳೆ ಹಂಚಿದ. ಟೀವಿ, ನೆಟ್ಟು, ಫೋನು, ಮೂರೂ ಒಂದೇ ಎಳೆಯಲ್ಲಿ. ನಾನು ಕೇಳಿದೆ: “ನಿಮ್ಮ ಲೈನ್ ಕಟ್ಟಾಗುತ್ತಾ, ಇಲ್ಲವಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ.”

“ಇಲ್ಲ ಮೇಡಂ. ನೆಲದೊಳಗೆ ಇರುತ್ತಲ್ಲ. ಚಾನ್ಸೇ ಇಲ್ಲ.”

ಅದೇ ಪ್ರಶ್ನೆಯನ್ನು ಮಾಮನಿಗೂ ಕೇಳಿದೆ. ಅವರು ಕಂಬಕ್ಕೆ ಒರಗಿ ನಿಂತಿದ್ದರು.

“ಲೈನು ಅಂದ್ಮ್ಯಾಕೆ ಕಟ್ಟಾಯ್ತದೆ ಕಣವ್ವಾ.”

“ಹೌದಾ ಇಲ್ಲವಾ, ಅಷ್ಟೇ ಮಾಮ.”

“ಔದು.”

ಆಗ ನೋಟ್‌ಬುಕ್ ತೆಗೆದೆ. ನಾನು ಯಾರ ಪರವೂ ಆಗಿರಲಿಲ್ಲ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಕೈಯಲ್ಲಿ ಪುರಾವೆ ಇದ್ದಾಗ ಅದನ್ನು ಬಳಸದಿರುವುದು ನನಗೆ ಗೊತ್ತಿರಲಿಲ್ಲ, ಅಷ್ಟೇ. “ಇವರದೇ ಬೋರ್ಡ್ ನೋಡಿ ಬರೆದುಕೊಂಡಿದ್ದೀನಿ. ಕಳೆದ ಮೂರು ತಿಂಗಳಲ್ಲಿ ಇಪ್ಪತ್ತೊಂದು ಸಲ ಲೈನ್ ಕಟ್ಟಾಗಿದೆ.”

ಜಗಲಿಯ ಮೇಲೆ ಗುಸುಗುಸು ಎದ್ದಿತು. ಮಾಮ ಬೆರಳು ಮಡಿಸುತ್ತಾ ಏನೋ ಎಣಿಸಿದರು. “ಇಪ್ಪತ್ತೊಂದಲ್ಲ ಕಣವ್ವಾ, ಇಪ್ಪತ್ತೆಲ್ಡು. ನಮ್ಮಕ್ಕನ ಊರ್ಗೆ ಓಗಿದ್ನಲ್ಲಾ, ಅವತ್ತೂ ಒಂದ್ಕಡೆ ಕಿತ್ತೋಗಿತ್ತು. ಬೋರ್ಡ್ ಮ್ಯಾಲೆ ಬರೀನಿಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು. “ನಿನ್ ಗುಂಡಿ ನೀನೇ ತೋಡ್ಕತಿಯಲ್ಲೋ ಕೇಬಲಣ್ಣ!” ಎಂದು ಯಾರೋ ಕೂಗಿದರು. ನಾನೂ ನಕ್ಕೆ. ಎದುರಾಳಿ ತನ್ನ ವಿರುದ್ಧ ತಾನೇ ಅಂಕ ಕೊಡುವುದನ್ನು ನಾನು ಯಾವ ವೇದಿಕೆಯಲ್ಲೂ ನೋಡಿರಲಿಲ್ಲ.

ಕೈ ಎತ್ತಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅಗೆತ ಕಂಪನಿಗೆ.

*

ನಾಲ್ಕೈದು ದಿನ ಬಿಟ್ಟು ಅವರ ಕೋಣೆಯ ಹತ್ತಿರ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ, ನಿಜವಾಗಿರುವುದಿಲ್ಲ. ಕುತೂಹಲಕ್ಕೆ ಹೋದೆ. ಆ ಇಪ್ಪತ್ತೆರಡನೆಯದು ನನಗೆ ಬಿಡಿಸಲಾಗದ ಲೆಕ್ಕವಾಗಿತ್ತು. ಸೋಲುತ್ತೇನೆಂದು ಕಣ್ಣೆದುರೇ ಕಾಣುತ್ತಿರುವಾಗ, ಯಾರಿಗೂ ಗೊತ್ತಿಲ್ಲದ ಒಂದನ್ನು ಸೇರಿಸಿ ಹೇಳುವುದು ಯಾವ ತಂತ್ರ?

ಮಾಮ ಹೊರಗೆ ಕೂತು ವೈರಿನ ತುದಿ ಸುಲಿಯುತ್ತಿದ್ದರು. “ಬಾ ಲಾಯರಮ್ಮ” ಎಂದರು. ನಾನು ಓದುತ್ತಿದ್ದದ್ದು ಬಿ.ಕಾಂ.

“ಇಪ್ಪತ್ತೆರಡು ಅಂತ ಯಾಕೆ ಹೇಳಿದ್ರಿ?”

“ಕಟ್ಟಾಗಿತ್ತಲ್ಲ.”

“ಸೋಲ್ತೀನಿ ಅಂತ ಗೊತ್ತಾಗಲಿಲ್ವಾ?”

“ಗೊತ್ತಾಯ್ತು.” ವೈರು ಕೆಳಗಿಟ್ಟು ಕೈ ಚಾಚಿದರು. “ಎಲ್ಲಿ, ಆ ನಿನ್ ಪುಸ್ತ್ಕ ಕೊಡು ನೋಡಾನ.”

ಕೊಟ್ಟೆ. ಪುಟ ತಿರುಗಿಸಿದರು. ಮುಂದಿನ ಪುಟ, ಅದರ ಮುಂದಿನದು. ಆಮೇಲೆ ಕೊನೆಯಿಂದ ಹಿಂದಕ್ಕೆ ಬಂದರು. ಏನನ್ನೋ ಹುಡುಕುತ್ತಿದ್ದರು.

“ಯಾಕೆ ಅನ್ನೋದು ಎಲ್ಲಿ ಬರ್ಕೊಂಡಿದ್ದೀಯ?”

“ಅದು... ತಾರೀಖು ಮಾತ್ರ ಬರ್ಕೊಂಡೆ ಮಾಮ.”

“ಓ.” ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಮತ್ತೆ ವೈರು ಕೈಗೆತ್ತಿಕೊಂಡು, ನನ್ನ ಕಡೆ ನೋಡದೆ, ಒಂದೊಂದಾಗಿ ಹೇಳತೊಡಗಿದರು. ಅವರ ಹಲಗೆ ಆಯಾ ದಿನದ್ದು ಆಯಾ ದಿನ ಅಳಿಸಿಹೋಗುತ್ತಿತ್ತು. ಆದರೆ ತಲೆಯೊಳಗೆ ಅಳಿಸಿರಲಿಲ್ಲ. ಫ್ಯಾಕ್ಟರಿಯ ಎತ್ತರದ ಲಾರಿ. ಲಾರಿ. ತೆಂಗಿನ ಗರಿ. ಮತ್ತೆ ಲಾರಿ. ಕೋತಿ. ಮಹಡಿ ಏರಿಸುವವರ ಸಾರುವೆ ಮರ. ಗಾಳಿಗೆ ಹಾರಿದ ಶೀಟು. ಹುಲ್ಲಿನ ಗಾಡಿ. ಲಾರಿ. ಇಪ್ಪತ್ತೆರಡೂ ಮುಗಿದವು.

“ಎಲ್ಲಾ ಮ್ಯಾಲ್ಗಡೆದೇ ಕಣವ್ವಾ. ಒಂದೂ ನೆಲದಾಗಿಂದಲ್ಲ. ಅದ್ಕೇ ನೆಲದೊಳೀಕೆ ಓಗ್ಬೇಕು, ಒಂದ್ಸಲ ಅಗೆಯಾಕೆ ಬಿಡಿ ಅಂದಿದ್ದು.”

ಅವರ ಲೈನು ಇಪ್ಪತ್ತೆರಡು ಸಲ ಕಟ್ಟಾಗಿದ್ದು ಅವರಿಗೆ ಅಗೆತ ಕೊಡದಿರಲು ಕಾರಣವಲ್ಲ, ಕೊಡಲು ಕಾರಣ. ಅದೇ ಪುರಾವೆ, ಅದೇ ಹಲಗೆ; ನಾನು ಪಕ್ಕದ ಕಾಲಂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಂಪನಿಯವನು ಇಲ್ಲ ಎಂದಿದ್ದು ಅವನಿಗೆ ಹಲಗೆ ಇಲ್ಲದ್ದರಿಂದ. ಬರೆದಿಟ್ಟವರ ಬರಹವನ್ನೇ ಹಿಡಿದು ನಾನು ಬರೆಯದವನನ್ನು ಗೆಲ್ಲಿಸಿದ್ದೆ.

“ಅವತ್ತೇ ಹೇಳಬಹುದಿತ್ತಲ್ಲ ಮಾಮ!” ನನ್ನ ದನಿ ಜಗಳದ ದನಿಯಾಗಿತ್ತು.

“ನೀನ್ ದಿನಾ ಬಂದು ಓದ್ತಿದ್ದೆ. ನೋಡಿರ್ತೀಯ ಅನ್ಕಂಡೆ.”

ನೇರ ದೊಡ್ಡಪ್ಪನ ಹತ್ತಿರ ಓಡಿದೆ. ಮತ್ತೆ ಸಭೆ ಕರೆಯಿರಿ, ನಾನು ತಪ್ಪು ಹೇಳಿದೆ ಎಂದೆ. ಅವರು ಮುಸುರೆ ಬಾನಿಯ ಹತ್ತಿರ ಕೈ ತೊಳೆಯುತ್ತಾ, “ಏನ್ ತಪ್ಪೇಳ್ದೆ? ಕಟ್ಟಾಗಿದ್ದು ಸುಳ್ಳಾ?” ಎಂದರು. ಸುಳ್ಳಲ್ಲ ಎಂದೆ. “ಮತ್ತೆ? ಆಗೋಯ್ತು ಬಿಡಮ್ಮ. ಆಗ್ಲೇ ಜೆಸಿಬಿ ಬಂದೈತೆ.” ರಸ್ತೆಯ ತುದಿಯಿಂದ ಕಾಂಕ್ರೀಟ್ ಒಡೆಯುವ ಸದ್ದು ನಿಜವಾಗಿಯೂ ಕೇಳುತ್ತಿತ್ತು.

*

ಕಂಪನಿಯ ಲೈನು ಕೆಟ್ಟದಾಗಿತ್ತು ಎಂದು ಬರೆದರೆ ಈ ಬರಹ ಸಲೀಸಾಗಿ ಮುಗಿಯುತ್ತದೆ. ಕೆಟ್ಟದಾಗಿರಲಿಲ್ಲ. ವೇಗ ಇತ್ತು, ಟೀವಿಯ ಚಿತ್ರ ಕನ್ನಡಿಯ ಹಾಗಿತ್ತು. ಮಾಮನ ಲೈನನ್ನು ಮೊದಲು ಬಿಟ್ಟ ಹತ್ತು ಮನೆಗಳಲ್ಲಿ ನಮ್ಮದೂ ಒಂದು. ಬಿಡಬಾರದು ಎಂದು ನಾನು ಅಪ್ಪನ ಜೊತೆ ವಾದ ಮಾಡಿದೆ. ಯಾಕೆ ಬಿಡಬಾರದು, ಎಲ್ಲರ ಮುಂದೆ ಅಂಥ ಪ್ರಶ್ನೆ ಕೇಳಿದವಳು ನೀನೇ ತಾನೆ ಎಂದರು ಅವರು.

ತಂತಿ ಬಿಚ್ಚಲು ಮಾಮನೇ ಬಂದರು. “ಅಕ್ಕಾ, ಮೇಲತ್ತೀನಿ” ಎಂದು ಕೆಳಗಿನಿಂದ ಕೂಗಿ ನಿಂತರು. ಅಮ್ಮ ಮಾಳಿಗೆಯ ಮೇಲೆ ಒಣಗಿದ್ದ ಮೆಣಸಿನಕಾಯಿ ಸರಿಸುವವರೆಗೆ ಕಾದರು. ತಂತಿಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಇಳಿದವರು, “ಮೊಳೆ ಕೀಳ್ನಿಲ್ಲ ಅಕ್ಕಾ, ಬಟ್ಟೆ ಒಣಗಾಕಾಕೆ ಅಗ್ಗ ಕಟ್ಕಳಿ” ಎಂದರು. ಅಮ್ಮ ಕೊಟ್ಟ ಮಜ್ಜಿಗೆ ನಿಂತೇ ಕುಡಿದರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ಮೊಳೆಗೆ ಕಟ್ಟಿದ ಹಗ್ಗ ಇವತ್ತಿಗೂ ಇದೆ.

ಕೊನೆಗೆ ಅವರ ಬಳಿ ಉಳಿದದ್ದು ಶೀಟ್ ಮನೆಗಳ ಸಾಲು. ಫ್ಯಾಕ್ಟರಿ ಕೆಲಸಕ್ಕೆ ಬಂದ ಒಡಿಶಾದವರು, ಬಿಹಾರದವರು, ರಾಯಚೂರಿನವರು. ಕಂಪನಿ ಅವರಿಗೆ ವಿಳಾಸದ ಪುರಾವೆ ಕೊಡಿ, ಮನೆ ಮಾಲೀಕರ ಸಹಿ ತನ್ನಿ ಎನ್ನುತ್ತಿತ್ತು. ಮಾಮ ಕೇಳುತ್ತಿದ್ದದ್ದು ಒಂದೇ: “ಯಾವೂರು?” ಊರು ಗೊತ್ತಾದರೆ ಯಾವ ಭಾಷೆಯ ಚಾನಲ್ ಬೇಕೆಂದು ಗೊತ್ತಾಗುತ್ತದಲ್ಲ, ಅದಕ್ಕೆ. 

ಕಂಪನಿ ಬಂದ ನಾಲ್ಕೋ ಐದೋ ತಿಂಗಳಿಗೆ ಒಂದು ಬೆಳಿಗ್ಗೆ ಊರಿನ ನೆಟ್ಟೂ ಟೀವಿಯೂ ಒಟ್ಟಿಗೆ ಹೋದವು. ಫೋನ್ ಮಾಡಿದರೆ ‘ನಿಮ್ಮ ದೂರು ದಾಖಲಾಗಿದೆ’ ಎಂದು ಒಂದು ಹೆಣ್ಣು ದನಿ ಹೇಳುತ್ತಿತ್ತು. ಎಲ್ಲಿ, ಯಾಕೆ, ಯಾವಾಗ ಎಂದರೆ ಅದನ್ನೇ ಮತ್ತೆ ಹೇಳುತ್ತಿತ್ತು. ಆಗ ನಡೆದದ್ದು ವಿಚಿತ್ರ. ಜನ ಮನೆಯಿಂದ ಹೊರಟು, ಅಭ್ಯಾಸಬಲದಿಂದ, ಮಾಮನ ಹಲಗೆಯ ಮುಂದೆ ಹೋಗಿ ನಿಂತರು. ಅವರ ಲೈನೇ ಅಲ್ಲದ ಲೈನಿಗೆ.

ಅತ್ತೆ ಒಳಗಿಂದ ಬಂದು, “ಈಗ್ ಯಾಕ್ ಬಂದ್ರಿ? ಓಗಿ, ನಿಮ್ ಕಂಪ್ನೀನೇ ಕೇಳೋಗಿ” ಎಂದರು. ಮಾಮ ಮೊಪೆಡ್ ಹತ್ತಿ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು ಸೀಮೆಸುಣ್ಣ ತೆಗೆದುಕೊಂಡರು.

ಎಲ್ಲಿ: ಹೊಸ ಅಪಾರ್ಟ್‌ಮೆಂಟಿನ ಗೇಟು, ಕಂಪನಿ ಲೈನು. ಯಾಕೆ: ಚರಂಡಿ ಅಗೆಯುವಾಗ ಜೆಸಿಬಿ ಹಲ್ಲು ತಾಗಿದೆ. ಯಾವಾಗ: ಗೊತ್ತಿಲ್ಲ.

ಅಂದಿನಿಂದ ಎರಡೂ ಲೈನಿನ ಸುದ್ದಿ ಒಂದೇ ಹಲಗೆಯ ಮೇಲೆ ಬರತೊಡಗಿತು. ಟ್ಯಾಗಿನವನು ಒಂದು ದಿನ ಬೈಕಿನಲ್ಲಿ ಬಂದ. “ಅಣ್ಣ, ನಮ್ದು ಬರೀಬೇಡಿ ಪ್ಲೀಸ್. ಮೇಲಿನವರು ನೋಡಿದ್ರೆ ನಂಗೆ ಪ್ರಾಬ್ಲಂ.”

“ನಿಂದು ಅಂತ ಯಾರಪ್ಪ ಬರ್ದಿದ್ದು? ಕಟ್ಟಾಗಿದ್ದು ನಮ್ಮೂರಾಗೆ ತಾನೆ? ಊರ್ದು ಬರ್ದಿದ್ದೀನಿ.”

ಎರಡು ತಿಂಗಳು ಕಳೆದ ಮೇಲೆ ಅದೇ ಹುಡುಗ ಫೋನ್ ಮಾಡಿ, “ಅಣ್ಣ, ಸ್ವಲ್ಪ ಬೋರ್ಡ್ ನೋಡಿ ಹೇಳಿ, ನಮ್ದು ಎಲ್ಲಿ ಕಟ್ಟಾಗಿದೆ?” ಎಂದು ಕೇಳುವುದನ್ನು ನಾನೇ ಅಲ್ಲಿ ಕೂತು ಕೇಳಿಸಿಕೊಂಡೆ. ಮಾಮ ಗಂಭೀರವಾಗಿ ಹಲಗೆ ಓದಿ ಹೇಳಿದರು.

ಆ ಹೊತ್ತಿಗೆ ನಾನು ವಾರಕ್ಕೊಂದು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಹೊಸ ನೋಟ್‌ಬುಕ್ ಮಾಡಿದ್ದೆ, ಈ ಸಲ ಮೂರೂ ಕಾಲಂ. “ಮಾಮ, ಇನ್ನು ಸ್ವಲ್ಪ ದಿನ ಬರೆದರೆ ಸಾಕು. ಕಂಪನಿಯದು ಎಷ್ಟು ಸಲ, ಯಾಕೆ, ಎಲ್ಲಾ ಇದೆ. ದೊಡ್ಡಪ್ಪನಿಗೆ ಹೇಳಿ ಮತ್ತೊಂದು ಸಭೆ ಮಾಡಿಸ್ತೀನಿ. ಈ ಸಲ ನಾನು ನಿಮ್ಮ ಪರ ಮಾತಾಡ್ತೀನಿ.”

ಅವರು ಹಲಗೆ ಒರೆಸುತ್ತಿದ್ದರು. “ಗೆದ್ರೆ ಏನಾಯ್ತದೆ?”

“ನಿಮಗೆ ಅಗೆಯೋಕೆ ಬಿಡ್ತಾರೆ.”

“ಅಂಗಾರೆ ರಸ್ತೆ ಇನ್ನೊಂದ್ಸಲ ಒಡೀಬೇಕು.” ಒರೆಸುವ ಬಟ್ಟೆಯನ್ನು ಕೊಡವಿದರು, ಸುಣ್ಣದ ಪುಡಿ ಹಾರಿತು. “ಒಂದೇ ಸಲ ಅಗೆಯಾದು ಅಂತ ಊರು ಮಾತಾಡೈತಲ್ಲ ಲಾಯರಮ್ಮ. ಬಿಡು.”

“ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?”

“ಇತ್ತು” ಎಂದರು. ಎಷ್ಟು ದಿನ ಇತ್ತು ಎಂದು ಕೇಳಬೇಕೆನ್ನಿಸಿತು. ಅವರು ನಿಜವನ್ನೇ ಹೇಳುತ್ತಾರೆ ಎಂದು ಗೊತ್ತಿದ್ದರಿಂದ ಕೇಳಲಿಲ್ಲ.

*

ಅವರು ಹೋದದ್ದು ಒಂದು ಗುರುವಾರ ಬೆಳಿಗ್ಗೆ, ಹಾಲು ಡೈರಿಗೆ ಕೊಟ್ಟು ಬಂದು ಕೂತವರು ಹಾಗೆಯೇ. ಎದೆನೋವು. ಹತ್ತು ಗಂಟೆಯ ಹೊತ್ತಿಗೆ ಮನೆ ಮುಂದೆ ಜನ ಸೇರಿದರು. ಬಿಸಿಲು ಜೋರಿತ್ತು, ಯಾರೋ ಶಾಮಿಯಾನಕ್ಕೆ ಹೇಳಿದರು. ಬಂದರು, ಕಂಬ ನೆಟ್ಟರು, ಬಟ್ಟೆ ಕಟ್ಟಿದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಮೂಲೆಯ ಕಂಬ ಎತ್ತುವುದನ್ನು ನೋಡುತ್ತಲೇ ಇದ್ದೆ. ಅದರ ತುದಿ ಹೋಗಿ ಕೋಣೆಯಿಂದ ಹೊರಟ ದಪ್ಪ ತಂತಿಗೆ ಸಿಕ್ಕಿತು. ಕಂಬ ಹಿಡಿದವರು ಜಗ್ಗಿದರು. ಪಟ್ ಎಂದು ಒಂದು ಸಣ್ಣ ಸದ್ದಾಯಿತು. ತಂತಿ ಕೊಟ್ಟಿಗೆಯ ಮೇಲೆ ಬಂದು ಬಿದ್ದಿತು.

ಕವೆಗೋಲು ಕೋಣೆಯ ಬಾಗಿಲಿನ ಪಕ್ಕದಲ್ಲೇ ಒರಗಿತ್ತು. ನನ್ನಿಂದ ನಾಲ್ಕು ಮಾರು ದೂರ.

ಸ್ವಲ್ಪ ಹೊತ್ತಿಗೆ ಶೀಟ್ ಮನೆಗಳ ಕಡೆಯಿಂದ ಜನ ಬರತೊಡಗಿದರು. ರಾತ್ರಿ ಪಾಳಿ ಮುಗಿಸಿ ಬಂದವರು, ಟೀವಿ ಹಾಕಿ ನೋಡಿದವರು. ಸಾವಿನ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ಬಂದು ಜನರನ್ನು ಕಂಡರು, ಶಾಮಿಯಾನ ಕಂಡರು. ಒಬ್ಬ ತಲೆಗೆ ಸುತ್ತಿದ್ದ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆದರೂ ಎಲ್ಲರ ಕಣ್ಣೂ ಒಮ್ಮೆ ಹಲಗೆಯ ಕಡೆ ಹೋಯಿತು. ಅದರ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಒರೆಸಿಟ್ಟಿದ್ದರು.

ಅತ್ತೆ ಹೆಂಗಸರ ನಡುವೆ ಕೂತಿದ್ದರು. ಅಳು ನಿಂತು ಸ್ವಲ್ಪ ಹೊತ್ತಾಗಿತ್ತು. ತಲೆ ಎತ್ತಿ, ನಿಂತವರನ್ನೂ ಹಲಗೆಯನ್ನೂ ನೋಡಿದರು. ಆಮೇಲೆ ನನ್ನನ್ನು.

“ಜನ ನಿಂತವ್ರೆ ನೋಡವ್ವಾ. ಎಷ್ಟೊತ್ತು ನಿಂತಾರು? ಬರ್ದಾಕು.”

“ನಾನಾ ಅತ್ತೆ?”

“ಇನ್ಯಾರ್ ಬರೀತಾರೆ? ನೀನೇ ತಾನೆ ದಿನಾ ಬಂದು ಓದ್ತಿದ್ದೋಳು.”

ಎದ್ದೆ. ಸೀಮೆಸುಣ್ಣ ಹಲಗೆಯ ಕೆಳಗಿನ ತಗಡಿನ ಡಬ್ಬಿಯಲ್ಲಿತ್ತು. ‘ಎಲ್ಲಿ’ಯ ಕೆಳಗೆ ಬರೆದೆ: ಕೇಬಲಣ್ಣನ ಮನೆ ಮುಂದೆ. ‘ಯಾಕೆ’ಯ ಕೆಳಗೆ ಶಾಮಿಯಾನದ ಕಂಬ ತಾಗಿತು ಎಂದು ಬರೆದೆ. ಅದು ಪೂರ್ತಿ ಕಾರಣ ಆಗಿರಲಿಲ್ಲ. ಪಕ್ಕದಲ್ಲಿ ಸೇರಿಸಿದೆ: ತಂತಿ ಎತ್ತಿ ಹಿಡಿಯುವವರು ಇರಲಿಲ್ಲ.

ಹಿಂದಿನಿಂದ ಯಾರೋ ಮೆಲ್ಲಗೆ, “ಮೇಡಂ, ಕಬ್ ಆಯೇಗಾ?” ಎಂದರು.

ಯಾವಾಗ ಬರುತ್ತದೆ? ಮೂರನೇ ಕಾಲಂ ಖಾಲಿ ಇತ್ತು. ಟ್ಯಾಗಿನ ಹುಡುಗನಿಗೆ ಫೋನ್ ಮಾಡಿದರೆ ಬಂದು ಜೋಡಿಸಿಯಾನು. ಹೆಬ್ಬಗೋಡಿಯವರನ್ನು ಕೇಳಿದರೆ ಯಾರನ್ನಾದರೂ ಕಳಿಸಿಯಾರು. ಸಂಜೆಯೊಳಗೆ ಎಂದು ಬರೆಯಬಹುದಿತ್ತು, ನಾಳೆ ಎಂದು ಬರೆಯಬಹುದಿತ್ತು. ನನ್ನ ಬಾಯಿಗೆ ಹತ್ತು ಉತ್ತರ ಬಂದವು. ಕೈ ಅಷ್ಟರಲ್ಲಿ ಬರೆದಾಗಿತ್ತು.

ಗೊತ್ತಿಲ್ಲ.

ಕನ್ನಡ ಬರುವವರು ಬಾರದವರಿಗೆ ಓದಿ ಹೇಳಿದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ಬಂದು, ಒಬ್ಬೊಬ್ಬರಾಗಿ ಹಿಂದಿರುಗಿದರು. ಯಾರೂ ಮರುಪ್ರಶ್ನೆ ಕೇಳಲಿಲ್ಲ.